ಹಾಡು ಯಾರದು? ಬೇಸ್ ಗಿಟಾರಿಸ್ಟ್ ಬ್ರಯನ್ ರಿಚಿ ಕೇಳಿದ ಲೆಕ್ಕ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಒಂದು ಸಣ್ಣ ವಿನಂತಿ. ಇವತ್ತು ಮಾತ್ರ ಫೋನ್ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ. ಕಾರಣ ಇದೆ. ಇವತ್ತಿನ ವಿಷಯ ಬೇಸ್ ಗಿಟಾರ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮಂದ್ರ ಸ್ಥಾಯಿಯ ಗಿಟಾರ್. ನಾಲ್ಕು ದಪ್ಪ ತಂತಿ. ಅತಿ ಕೆಳಗಿನ ತಂತಿಯನ್ನು ಹಾಗೇ ಮೀಟಿದ್ರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಬೆರಳಗಲದ ಫೋನ್ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಅಂದ್ರೆ, ನಾವು ಫೋನಲ್ಲಿ ಹಾಡು ಕೇಳುವಾಗ ಬ್ಯಾಂಡಿನ ಒಬ್ಬ ಮನುಷ್ಯನ ಕೆಲಸ ಅರ್ಧಕ್ಕರ್ಧ ನಮ್ಮ ಕಿವಿಗೇ ಬಿದ್ದಿರಲ್ಲ.

ಕಿವಿಗೆ ಬೀಳದ ಕೆಲಸಕ್ಕೆ ದುಡ್ಡು ಹೇಗೆ ಬರುತ್ತೆ? ಇವತ್ತಿನ ಕಥೆ ಅದೇ. ಕಥಾನಾಯಕ ಬ್ರಯನ್ ರಿಚಿ, ‘ವಯಲೆಂಟ್ ಫೆಮ್ಸ್’ ಎಂಬ ಅಮೆರಿಕದ ಫೋಕ್-ಪಂಕ್ ಬ್ಯಾಂಡಿನ ಬೇಸ್ ವಾದಕ. ಬ್ಯಾಂಡಿನ ಹೆಸರು ಕೇಳದಿದ್ದರೂ ‘ಬ್ಲಿಸ್ಟರ್ ಇನ್ ದ ಸನ್’ ಅನ್ನುವ ಹಾಡಿನ ಆರಂಭವನ್ನು ಎಲ್ಲೋ ಕೇಳಿರ್ತೀರಿ. ಗಿಟಾರ್ ಮತ್ತು ಬೇಸ್ ಸೇರಿ ನುಡಿಸುವ ಪುಟ್ಟ ತುಣುಕು, ತಕ್ಷಣ ಡ್ರಮ್ಮಿನ ಮೇಲೆ ಎರಡು ಪೆಟ್ಟು. ಮತ್ತೆ ಅದೇ ತುಣುಕು, ಮತ್ತೆ ಎರಡು ಪೆಟ್ಟು. ಅಷ್ಟೇ. ನಲವತ್ತು ವರ್ಷ ದಾಟಿದ್ರೂ ಜನ ಅದಕ್ಕೆ ಚಪ್ಪಾಳೆ ತಟ್ತಾರೆ.

ಫೋಕ್-ಪಂಕ್ ಅಂದ್ರೆ ಏನು? ಪಂಕ್ ಸಂಗೀತದ ಸಿಟ್ಟು, ಅವಸರ, ಒರಟುತನ. ಅದನ್ನು ನುಡಿಸೋದು ಮಾತ್ರ ಜನಪದ ಹಾಡುಗಾರರ ವಾದ್ಯಗಳಲ್ಲಿ. ಕರೆಂಟ್ ಗಿಟಾರ್ ಬದಲು ಮರದ ಗಿಟಾರ್. ಇಂಗ್ಲೆಂಡಿನಲ್ಲಿ ‘ದ ಪೋಗ್ಸ್’ ಬ್ಯಾಂಡ್ ಐರಿಶ್ ಜನಪದಕ್ಕೆ ಪಂಕ್ ಬೆರೆಸಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ರಿಚಿ ಹುಟ್ಟಿದ್ದು 1960ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಮಿಷಿಗನ್ ಸರೋವರದ ದಡದ ಊರು. ಬಿಯರ್ ಕಾರ್ಖಾನೆಗಳಿಗೆ ಹೆಸರುವಾಸಿ, ಹಾರ್ಲೆ-ಡೇವಿಡ್ಸನ್ ಬೈಕಿನ ತವರು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಥರ ಸಂಗೀತ ಕಂಪನಿಗಳು ಹುಡುಕ್ಕೊಂಡು ಬರುವ ಜಾಗ ಅದಲ್ಲ. ಅಲ್ಲಿ ರಿಚಿ ಮತ್ತು ಡ್ರಮ್ಮರ್ ವಿಕ್ಟರ್ ಡಿಲೊರೆಂಜೊ, ಇಬ್ಬರೇ ಸೇರಿ ವಯಲೆಂಟ್ ಫೆಮ್ಸ್ ಅಂತ ಹೆಸರಿಟ್ಟುಕೊಂಡು ಶುರು ಮಾಡಿದ್ರು. ಹಾಡುಗಾರ ಗಾರ್ಡನ್ ಗೇನೋ ಸೇರಿದ್ದು ಆಮೇಲೆ. ಈ ಕ್ರಮ ಸ್ವಲ್ಪ ನೆನಪಿಟ್ಕೊಳ್ಳಿ. ಬೇಸ್ ವಾದಕ ಬ್ಯಾಂಡಿನ ಸ್ಥಾಪಕ. ಹಾಡುಗಾರ ನಂತರ ಬಂದವರು. ಆದರೆ ಬರುವಾಗ ಕೈಯಲ್ಲಿ ಹಾಡುಗಳ ಕಟ್ಟು ಹಿಡ್ಕೊಂಡೇ ಬಂದ್ರು. ಅದರಲ್ಲಿ ಎಷ್ಟೋ ಹಾಡು ಅವರು ಹೈಸ್ಕೂಲಲ್ಲಿದ್ದಾಗ ಬರೆದವು.

ಇವರ ಹತ್ರ ವಾದ್ಯಗಳು ಹೇಗಿದ್ವು ನೋಡಿ. ಡಿಲೊರೆಂಜೊ ನಿಂತುಕೊಂಡು, ಕಡ್ಡಿಯ ಬದಲು ಬ್ರಶ್ ಹಿಡಿದು ನುಡಿಸ್ತಿದ್ರು. ಒಂದು ಡ್ರಮ್ಮಿನ ಮೇಲೆ ತಗಡಿನ ಬುಟ್ಟಿ ಕವುಚಿ ಅದಕ್ಕೆ ‘ಟ್ರಾನ್ಸಫೋನ್’ ಅಂತ ಹೆಸರಿಟ್ಟಿದ್ರು. ರಿಚಿ ಹಿಡಿದಿದ್ದು ಅರ್ನಿ ಬಾಲ್ ಕಂಪನಿಯ ‘ಅರ್ಥ್‌ವುಡ್’ ಅನ್ನುವ ಮರದ ಬೇಸ್. ಮೆಕ್ಸಿಕೋದ ಮರಿಯಾಚಿ ವಾದ್ಯತಂಡಗಳಲ್ಲಿ ಗಿಟಾರೋನ್ ಅಂತ ಹೊಟ್ಟೆ ಉಬ್ಬಿದ ದೊಡ್ಡ ಗಿಟಾರ್ ಇರುತ್ತೆ, ಅದನ್ನು ನೋಡಿ 1970ರ ದಶಕದಲ್ಲಿ ಮಾಡಿದ್ದು. ದೇಹ ಯಾಕೆ ಅಷ್ಟು ದೊಡ್ಡದು ಅಂದ್ರೆ, ಕೆಳಗಿನ ಸ್ವರ ಗಟ್ಟಿಯಾಗಿ ಕೇಳಬೇಕಾದ್ರೆ ಒಳಗೆ ಹೆಚ್ಚು ಗಾಳಿ ಅಲುಗಾಡಬೇಕು. ಕರೆಂಟ್ ಬೇಸಿನ ಹಾಗೆ ಇದು ಗುಂಯ್ ಅನ್ನಲ್ಲ. ತಂತಿಗೆ ಬೆರಳು ತಾಗಿದ ಸದ್ದು, ಮರದ ಸದ್ದು ಎಲ್ಲ ಕೇಳುತ್ತೆ. ಪ್ಲಗ್ ಪಾಯಿಂಟ್ ಬೇಡ. ಫುಟ್‌ಪಾತಲ್ಲಿ ನಿಂತರೂ ಕಛೇರಿ ಶುರು.

ಆ ಫುಟ್‌ಪಾತೇ ಇವರಿಗೆ ಮೊದಲ ದೊಡ್ಡ ವೇದಿಕೆಯ ದಾರಿ ತೋರಿಸ್ತು. 1981ರ ಆಗಸ್ಟ್ 23. ಮಿಲ್ವಾಕಿಯ ಓರಿಯೆಂಟಲ್ ಥಿಯೇಟರಿನಲ್ಲಿ ‘ದ ಪ್ರಿಟೆಂಡರ್ಸ್’ ಬ್ಯಾಂಡಿನ ಕಾರ್ಯಕ್ರಮ. ಹೊರಗೆ ಈ ಮೂವರು ಬೀದಿಯಲ್ಲಿ ನುಡಿಸ್ತಿದ್ರು. ಪ್ರಿಟೆಂಡರ್ಸ್‌ನ ಗಿಟಾರಿಸ್ಟ್ ಜೇಮ್ಸ್ ಹನಿಮನ್-ಸ್ಕಾಟ್ ಕಣ್ಣಿಗೆ ಬಿದ್ರು. ಅವರ ಹಾಡುಗಾರ್ತಿ ಕ್ರಿಸ್ಸಿ ಹೈಂಡ್, ಬನ್ನಿ, ನಮ್ಮ ಕಾರ್ಯಕ್ರಮಕ್ಕೆ ಮುಂಚೆ ಸ್ವಲ್ಪ ಹೊತ್ತು ನುಡಿಸಿ ಅಂತ ಒಳಗೆ ಕರೆದ್ರು. ರಿಚಿಗೆ ಆಗ ಇಪ್ಪತ್ತು ವರ್ಷ, ಗೇನೋಗೆ ಹದಿನೆಂಟು.

ಸಿನಿಮಾ ಆಗಿದ್ರೆ ಮುಂದಿನ ಸೀನಿನಲ್ಲಿ ಸೂಟ್‌ಕೇಸ್ ತುಂಬ ದುಡ್ಡು ಬರಬೇಕಿತ್ತು. ಬರಲಿಲ್ಲ. ಮೊದಲ ಆಲ್ಬಂ ರೆಕಾರ್ಡ್ ಮಾಡಿದ್ದು 1982ರಲ್ಲಿ, ಡಿಲೊರೆಂಜೊ ಅವರ ತಂದೆ ಕೊಟ್ಟ 10,000 ಡಾಲರ್ ಸಾಲದಲ್ಲಿ. ಸ್ಲ್ಯಾಶ್ ರೆಕಾರ್ಡ್ಸ್ ಕಂಪನಿ ಅದನ್ನು 1983ರಲ್ಲಿ ಬಿಡುಗಡೆ ಮಾಡಿತು. ಆಗ ಅದು ಬಿಲ್‌ಬೋರ್ಡ್ 200 ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಆದರೆ ಕಾಲೇಜು ಹುಡುಗರು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಸೀನಿಯರ್‌ನಿಂದ ಜೂನಿಯರ್‌ಗೆ ದಾಟಿಸ್ತಾನೇ ಹೋದ್ರು. 1991ರಲ್ಲಿ ಅದಕ್ಕೆ ಪ್ಲಾಟಿನಂ ಮನ್ನಣೆ ಸಿಕ್ತು. ಅಂದ್ರೆ ಅಮೆರಿಕದಲ್ಲೇ ಹತ್ತು ಲಕ್ಷ ಪ್ರತಿ. ಪಟ್ಟಿಯೊಳಗೆ ಕಾಲಿಟ್ಟಿದ್ದೂ ಆ ವರ್ಷವೇ, ಹುಟ್ಟಿ ಎಂಟು ವರ್ಷ ಆದ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ನಾನು ಬಿಕಾಂ ಓದಿದವನು, ಹಾಡು ಕೇಳಿದರೂ ಲೆಡ್ಜರ್ ಕಾಣುತ್ತೆ, ಸಹಿಸ್ಕೊಳ್ಳಿ.

ಒಂದು ರೆಕಾರ್ಡ್ ಆದ ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತೆ. ಮೊದಲನೆಯದು ಹಾಡು, ಅಂದ್ರೆ ಸಾಹಿತ್ಯ ಮತ್ತು ರಾಗ. ಇದು ಬರೆದವರದ್ದು. ಎರಡನೆಯದು ಆ ಹಾಡಿನ ಧ್ವನಿಮುದ್ರಣ. ಇದು ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿರುತ್ತೆ, ನುಡಿಸಿದವರಿಗೆ ಒಪ್ಪಂದದ ಪ್ರಕಾರ ಪಾಲು. ಹಾಡನ್ನು ಮನೆಯ ಜಾಗ ಅಂದ್ಕೊಳ್ಳಿ, ಧ್ವನಿಮುದ್ರಣವನ್ನು ಅದರ ಮೇಲೆ ಕಟ್ಟಿದ ಒಂದು ಮನೆ ಅಂದ್ಕೊಳ್ಳಿ. ನಾಳೆ ಬೇರೆ ಯಾರೋ ಬಂದು ಅದೇ ಹಾಡನ್ನು ಹೊಸದಾಗಿ ಹಾಡಿದ್ರೆ ಹೊಸ ಮನೆ ಏಳುತ್ತೆ, ಆದರೆ ನೆಲಬಾಡಿಗೆ ಹೋಗೋದು ಹಳೇ ಜಾಗದ ಮಾಲೀಕನಿಗೇ.

ಅಮೆರಿಕದಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಅಲ್ಲಿನ ಎಎಂ, ಎಫ್‌ಎಂ ರೇಡಿಯೊ ಒಂದು ಹಾಡು ಹಾಕಿದ್ರೆ ಬರೆದವರಿಗೆ ರಾಯಲ್ಟಿ ಸಿಗುತ್ತೆ. ಹಾಡಿದವರಿಗೆ, ನುಡಿಸಿದವರಿಗೆ ಒಂದು ಸೆಂಟೂ ಇಲ್ಲ. ನಲವತ್ತು ವರ್ಷ ಎಫ್‌ಎಂನಲ್ಲಿ ‘ಬ್ಲಿಸ್ಟರ್ ಇನ್ ದ ಸನ್’ ಬಂದಿದೆ ಅಂದ್ರೆ, ಆ ಲೆಕ್ಕದ ದುಡ್ಡೆಲ್ಲ ಹೋಗಿದ್ದು ಬರೆದವರ ಖಾತೆಗೆ. ಆಲ್ಬಂನ ಮೇಲೆ ಗೀತರಚನೆಕಾರ ಅಂತ ಇರೋ ಹೆಸರು ಗಾರ್ಡನ್ ಗೇನೋ. ಆ ಎಂಟು-ಹತ್ತು ಸ್ವರಗಳನ್ನು ನುಡಿಸಿದ ಬೇಸಿನ ಬೆರಳುಗಳಿಗೆ ಎಫ್‌ಎಂನಿಂದ ಏನೂ ಇಲ್ಲ.

ಅನ್ಯಾಯ ಅನ್ಸುತ್ತೆ ಅಲ್ವಾ? ಸ್ವಲ್ಪ ತಾಳಿ. ಇನ್ನೊಂದು ಪಕ್ಷವನ್ನೂ ಕೇಳಬೇಕು. ಸಾಹಿತ್ಯ ಗೇನೋ ಬರೆದದ್ದು, ರಾಗ ಗೇನೋ ಹಾಕಿದ್ದು. ಬ್ಯಾಂಡ್ ಇಲ್ಲದೇ ಅವರೊಬ್ಬರೇ ಗಿಟಾರ್ ಹಿಡಿದು ಹಾಡಿದ್ರೂ ಹಾಡು ಹಾಡೇ. ಅಲ್ಲಿನ ಕಾನೂನು ಕೇಳೋದೂ ಇದನ್ನೇ: ನೀವು ಹಾಡನ್ನು ಬರೆದಿರೋ, ಬರೆದದ್ದನ್ನು ಚೆನ್ನಾಗಿ ನುಡಿಸಿದಿರೋ? ಎರಡರ ನಡುವೆ ಗೆರೆ ಎಳೆಯೋದು ಕಷ್ಟ. ಬೇಸ್ ವಾದಕ ನಿಂತಿರೋದು ಸರಿಯಾಗಿ ಆ ಗೆರೆಯ ಮೇಲೆ. ರಾಗ ಅವನದ್ದಲ್ಲ, ತಾಳವೂ ಪೂರ್ತಿ ಅವನದ್ದಲ್ಲ. ಎರಡನ್ನೂ ಕಟ್ಟಿ ಹಾಕೋ ಹಗ್ಗ ಅವನದ್ದು.

ಇದು ಅಮೆರಿಕದವರ ತಲೆನೋವು ಅಂದ್ಕೋಬೇಡಿ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಪಬ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ಬೇಸ್ ನುಡಿಸುವ ಗೆಳೆಯನೊಬ್ಬ ಇದ್ದಾನೆ. ಬಿಕಾಂ ಮಾಡಿದ್ದೀಯಲ್ಲ, ನಮ್ಮ ಬ್ಯಾಂಡಿನ ಲೆಕ್ಕ ಒಂದ್ಸಲ ನೋಡ್ಕೊಡು ಅಂತ ಎಕ್ಸೆಲ್ ಶೀಟ್ ಕಳಿಸಿದ. ಶೀಟ್ ನೋಡಿ ಖುಷಿ ಆಯ್ತು. ಟೆಂಪೋ ಡೀಸೆಲ್, ತಂತಿಗಳ ಸೆಟ್, ಸೌಂಡ್ ಎಂಜಿನಿಯರ್ ಫೀಸು, ರಾತ್ರಿ ಊಟ, ಎಲ್ಲ ಕಳೆದು ಉಳಿದದ್ದು ರೂಪಾಯಿಗೆ ರೂಪಾಯಿ ನಾಲ್ಕು ಪಾಲು. ಹಾಡುಗಳ ಕಾಲಂ ಮಾತ್ರ ಇರಲಿಲ್ಲ.

“ನಿಮ್ಮ ಸ್ವಂತ ಹಾಡುಗಳು ಯಾರದ್ದು?” ಅಂತ ಕೇಳಿದೆ.

“ಎಲ್ಲರದ್ದೂ ಮಗಾ, ಜೊತೆಗೇ ಕೂತು ಮಾಡಿದ್ದು.”

“ಆ್ಯಪ್‌ಗೆ ಅಪ್‌ಲೋಡ್ ಮಾಡುವಾಗ ಕಂಪೋಸರ್ ಅಂತ ಕೇಳುತ್ತಲ್ಲ, ಅಲ್ಲಿ ಯಾರ ಹೆಸರು ಹಾಕಿದ್ರಿ?”

ಸ್ವಲ್ಪ ಹೊತ್ತು ಫೋನ್‌ನಲ್ಲಿ ಸದ್ದಿಲ್ಲ. ಆಮೇಲೆ, “ಅದು ಹಾಡೋನ ಲ್ಯಾಪ್‌ಟಾಪಿಂದ ಅಪ್‌ಲೋಡ್ ಆಗಿದ್ದು. ಅವನದ್ದೇ ಹೆಸರಿರಬೇಕು” ಅಂದ.

ಯಾರೂ ಮೋಸ ಮಾಡಿಲ್ಲ ಇಲ್ಲಿ. ಫಾರಂನಲ್ಲಿ ಒಂದು ಕಾಲಂ ಖಾಲಿ ಬಿಡೋಕಾಗಲ್ಲ ಅಂತ ಹೆಸರು ತುಂಬಿದ್ದಾರೆ, ಅಷ್ಟೇ. ಆದರೆ ಕಾಮರ್ಸ್ ಓದಿದವರಿಗೆ ನೆನಪಿರುತ್ತೆ, 1932ರ ಪಾಲುದಾರಿಕೆ ಕಾಯಿದೆ. ಪಾಲುದಾರರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮನಾಗಿ ಹಂಚಬೇಕು, ಸೆಕ್ಷನ್ 13. ಮೊದಲ ವರ್ಷದ ಅಕೌಂಟೆನ್ಸಿಯಲ್ಲೇ ಬಾಯಿಪಾಠ ಮಾಡಿಸ್ತಾರೆ. ಹಾಗಾಗಿ ನಾಲ್ಕು ಜನ ಸೇರಿ ದುಡಿದರೆ ಕಾಗದ ಇಲ್ಲದಿದ್ರೂ ಸಮಪಾಲು ಅನ್ನೋದು ನಮ್ಮ ತಲೇಲಿ ಕೂತುಬಿಟ್ಟಿದೆ. ಹಾಡಿನ ಹಕ್ಕಿಗೆ ಆ ನಿಯಮ ಅನ್ವಯಿಸಲ್ಲ. ಅಲ್ಲಿ ಕಾನೂನು ನೋಡೋದು ಕರ್ತೃ ಯಾರು ಅಂತ. ಅಂದ್ರೆ ಒಂದೇ ಬ್ಯಾಂಡಿನಲ್ಲಿ ಎರಡು ವ್ಯವಹಾರ ನಡೀತಿರುತ್ತೆ. ಒಂದು ಕಾರ್ಯಕ್ರಮಗಳದ್ದು, ಅದು ಪಾಲುದಾರಿಕೆ ಥರ. ಇನ್ನೊಂದು ಹಾಡುಗಳದ್ದು, ಅದು ಆಸ್ತಿಪತ್ರ ಇದ್ದ ಹಾಗೆ. ಬ್ಯಾಂಡ್ ಚಿಕ್ಕದಿರುವಾಗ ಮೊದಲನೆಯದರಲ್ಲೇ ದುಡ್ಡು ಓಡಾಡೋದು, ಎರಡನೆಯದು ಕಣ್ಣಿಗೇ ಕಾಣಲ್ಲ. ಹಾಡು ಹಿಟ್ ಆಗಿ ಇಪ್ಪತ್ತು ವರ್ಷ ಬದುಕಿತು ಅಂದ್ರೆ ಆಗ ಎರಡನೆಯದೇ ದೊಡ್ಡದಾಗಿ ಕೂತಿರುತ್ತೆ.

ರಿಚಿ ವಿಷಯದಲ್ಲಿ ಆದದ್ದು ಇದೇ. 2007ರಲ್ಲಿ ‘ವೆಂಡೀಸ್’ ಅನ್ನುವ ಬರ್ಗರ್ ಕಂಪನಿಯ ಜಾಹೀರಾತಿನಲ್ಲಿ ‘ಬ್ಲಿಸ್ಟರ್ ಇನ್ ದ ಸನ್’ ಕೇಳಿಬಂತು. ಜಾಹೀರಾತಿಗೆ ಹಾಡು ಕೊಡೋದಕ್ಕೆ ಗೀತರಚನೆಯ ಹಕ್ಕು ಇರುವವರ ಒಪ್ಪಿಗೆ ಬೇಕು. ರಿಚಿ ಹತ್ರ ಆ ಹಕ್ಕು ಇರಲಿಲ್ಲ. ಅಭಿಮಾನಿಗಳು ಬೈದಿದ್ದು ಬ್ಯಾಂಡನ್ನು. ರಿಚಿ ಇದನ್ನು ಬಹಿರಂಗವಾಗಿ ಖಂಡಿಸಿದ್ರು. ಅದೇ ವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಹೋದ್ರು. ಕೇಳಿದ್ದು ಎರಡು: ಬ್ಯಾಂಡಿನ ಸಂಗೀತದಲ್ಲಿ ಅರ್ಧ ಒಡೆತನ, ಮತ್ತು ರಾಯಲ್ಟಿಯ ಲೆಕ್ಕಪತ್ರ ನೋಡುವ ಹಕ್ಕು.

ಎರಡನೇ ಬೇಡಿಕೆಯನ್ನು ಗಮನಿಸಿ. ಅಣ್ಣತಮ್ಮಂದಿರ ಆಸ್ತಿ ಜಗಳ ನೋಡಿದವರಿಗೆ ಗೊತ್ತಿರುತ್ತೆ, ಜಗಳ ಶುರುವಾಗೋದು ಪಾಲಿಗಿಂತ ಮೊದಲು ಲೆಕ್ಕ ತೋರಿಸು ಅನ್ನೋದರಿಂದ.

ಬ್ಯಾಂಡ್ 2009ರಲ್ಲಿ ಒಡೆದುಹೋಯಿತು.

ಇದಕ್ಕೆ ಬೇರೆ ದಾರಿ ಇರಲಿಲ್ವಾ? ಇತ್ತು. ಇವರ ಜೊತೆಜೊತೆಗೇ, 1980ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಲ್ಲಿ ‘ಆರ್.ಇ.ಎಂ.’ ಅನ್ನುವ ಬ್ಯಾಂಡ್ ಹುಟ್ಟಿತು. ಅವರು ತಮ್ಮ ಹಾಡುಗಳ ಮೇಲೆ ನಾಲ್ವರ ಹೆಸರನ್ನೂ ಅಕ್ಷರಮಾಲೆ ಕ್ರಮದಲ್ಲಿ ಹಾಕಿದ್ರು: ಬೆರಿ, ಬಕ್, ಮಿಲ್ಸ್, ಸ್ಟೈಪ್. ಈ ಹಾಡಿನ ಮೊದಲ ಐಡಿಯಾ ಯಾರದ್ದು ಅನ್ನೋ ಪ್ರಶ್ನೆಯೇ ಇಲ್ಲ. ಮಿಲ್ಸ್ ಅವರ ಬೇಸ್ ವಾದಕ. 2011ರಲ್ಲಿ ಬ್ಯಾಂಡ್ ಮುಗಿಸಿದಾಗಲೂ ಸ್ನೇಹಿತರಾಗೇ ಮುಗಿಸಿದ್ರು. ಸಮಪಾಲು ಎಲ್ಲರಿಗೂ ಒಗ್ಗುತ್ತೆ ಅಂತ ನಾನು ಹೇಳಲ್ಲ. ಒಬ್ಬನೇ ರಾತ್ರಿಯಿಡೀ ಕೂತು ಬರೆದಿದ್ರೆ ಅವನಿಗೆ ಹೆಚ್ಚು ಪಾಲು ಸಿಗೋದು ನ್ಯಾಯ. ಆದರೆ ಅದನ್ನು ಮೊದಲೇ ಕೂತು ಮಾತಾಡ್ಕೊಂಡಿರಬೇಕು.

ಫೆಮ್ಸ್ ಮೊದಲ ಆಲ್ಬಂನಲ್ಲೇ ಇದಕ್ಕೆ ಒಂದು ಒಳ್ಳೇ ಉದಾಹರಣೆ ಇದೆ. ‘ಗಾನ್ ಡ್ಯಾಡಿ ಗಾನ್’ ಹಾಡಿನೊಳಗೆ ಹಳೆಯ ಬ್ಲೂಸ್ ಹಾಡೊಂದರ ಚರಣ ಬರುತ್ತೆ. ಅದು ವಿಲ್ಲಿ ಡಿಕ್ಸನ್ ಬರೆದದ್ದು. ಹಾಗಾಗಿ ಅಲ್ಲಿ ಡಿಕ್ಸನ್ ಹೆಸರೂ ಇದೆ. ಅದೇ ಹಾಡಿನ ಮರೆಯಲಾಗದ ಗುರುತು ಜೈಲೋಫೋನ್ ವಾದನ. ಅದನ್ನು ನುಡಿಸಿದ್ದು ಬ್ರಯನ್ ರಿಚಿ. 2006ರಲ್ಲಿ ‘ನಾರ್ಲ್ಸ್ ಬಾರ್ಕ್ಲಿ’ ಜೋಡಿ ಈ ಹಾಡನ್ನು ಹೊಸದಾಗಿ ಹಾಡಿ ಇಡೀ ಜಗತ್ತಿಗೆ ಕೇಳಿಸಿತು. ನೆಲಬಾಡಿಗೆ ಯಾರಿಗೆ ಹೋಗುತ್ತೆ ಅನ್ನೋದನ್ನು ಈಗ ನೀವೇ ಹೇಳಿ.

ಹಾಗಾದ್ರೆ ರಿಚಿ ಕೇಸು ಹಾಕಿ ಮುನಿಸ್ಕೊಂಡು ಕೂತುಬಿಟ್ರಾ? ಇಲ್ಲಿಂದ ನನಗೆ ಈ ಮನುಷ್ಯ ನಿಜಕ್ಕೂ ಇಷ್ಟ ಆಗೋದು. ಬಾಡಿಗೆ ತರುವ ಆಸ್ತಿ ಇಲ್ಲದವರು ಕೈಯನ್ನೇ ನಂಬಬೇಕು. ರಿಚಿ ಕೈ ಸುಮ್ಮನಿರಲಿಲ್ಲ. 1987ರಿಂದ 1990ರ ನಡುವೆ ಮೂರು ಸ್ವಂತ ಆಲ್ಬಂ ಮಾಡಿದ್ರು. ಆಮೇಲೆ ಶಾಕುಹಾಚಿ ಅನ್ನುವ ಜಪಾನಿ ಬಿದಿರ ಕೊಳಲು ಹಿಡಿದ್ರು. ನಮ್ಮ ಕೊಳಲಿನ ಥರ ಅಡ್ಡ ಹಿಡಿಯೋದಲ್ಲ, ನೇರ ಹಿಡಿದು ತುದಿಯಲ್ಲಿ ಊದೋದು. ಐದೇ ತೂತು. ಒಂದು ಶಾಕು ಎಂಟು ಸುನ್ ಉದ್ದ ಅನ್ನೋದೇ ಅದರ ಹೆಸರು, ಸುಮಾರು 54 ಸೆಂಟಿಮೀಟರ್. ಜಪಾನಿನ ಝೆನ್ ಸನ್ಯಾಸಿಗಳು ಧ್ಯಾನಕ್ಕೆ ಅಂತ ಊದ್ತಿದ್ದ ವಾದ್ಯ. ಪಂಕ್ ಬ್ಯಾಂಡಿನ ಮನುಷ್ಯ ಗುರುವಿನ ಹತ್ರ ಶಿಷ್ಯನಾಗಿ ಕೂತು ಕಲಿತು, 2003ರಲ್ಲಿ ಕಲಿಸುವ ಪರವಾನಗಿಯನ್ನೂ ಪಡೆದ್ರು. ಆ ಲೋಕದಲ್ಲಿ ಅವರ ಹೆಸರು ತೈರಾಕು. ಆಗ ಅವರಿಗೆ ನಲವತ್ತೆರಡು.

ಅಲ್ಲಿಂದ ಇನ್ನೂ ದೂರ ಹೋದ್ರು, ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರಿಗೆ. ಅಲ್ಲಿ ಡೇವಿಡ್ ವಾಲ್ಶ್ ಅನ್ನುವವರು, ಜೂಜಿನ ಗಣಿತದಲ್ಲಿ ದುಡ್ಡು ಮಾಡಿದವರು, ಒಂದು ದೊಡ್ಡ ಕಲಾ ಮ್ಯೂಸಿಯಂ ಕಟ್ಟಿಸ್ತಿದ್ರು. ಹೆಸರು ಮೋನಾ. ಮ್ಯೂಸಿಯಂ ಬಾಗಿಲು ತೆರೆದಿದ್ದು 2011ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ, 2009ರ ಜನವರಿಯಲ್ಲೇ, ‘ಮೋನಾ ಫೋಮಾ’ ಸಂಗೀತ ಉತ್ಸವ ಶುರುವಾಯ್ತು. ಯಾರನ್ನು ಕರೆಸಬೇಕು, ಎಲ್ಲಿ ನುಡಿಸಬೇಕು ಅಂತ ತೀರ್ಮಾನ ಮಾಡುವ ಕ್ಯುರೇಟರ್ ಬ್ರಯನ್ ರಿಚಿ. ನಂತರ ಅದನ್ನು ದ್ವೀಪದ ಇನ್ನೊಂದು ಊರು ಲಾನ್ಸೆಸ್ಟನ್‌ಗೂ ಒಯ್ದರು. 2024ರಲ್ಲಿ ನಿಲ್ಲುವವರೆಗೂ ಚುಕ್ಕಾಣಿ ಅವರ ಕೈಯಲ್ಲೇ ಇತ್ತು. ಇದರ ಮಧ್ಯೆಯೇ ‘ಮಿಡ್‌ನೈಟ್ ಆಯಿಲ್’ ಬ್ಯಾಂಡಿನ ಮೂವರ ಜೊತೆ ‘ದ ಬ್ರೇಕ್’ ಅಂತ ಇನ್ನೊಂದು ತಂಡ ಕಟ್ಟಿ 2010ರಲ್ಲಿ ಆಲ್ಬಂ ತಂದ್ರು.

ನಲವತ್ತು ವರ್ಷ ಹಾಡುಗಾರನ ಪಕ್ಕದಲ್ಲಿ ನಿಂತವನಿಗೆ, ಬೇರೆಯವರನ್ನು ವೇದಿಕೆ ಮೇಲೆ ಚೆನ್ನಾಗಿ ಕೇಳಿಸೋದು ಹೇಗೆ ಅಂತ ಗೊತ್ತಿರುತ್ತೆ. ಉತ್ಸವ ನಡೆಸೋದೂ ಒಂಥರಾ ಬೇಸ್ ನುಡಿಸಿದ ಹಾಗೇ ಅನ್ಸುತ್ತೆ ನನಗೆ.

ಬ್ಯಾಂಡಿನ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. 2013ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ರಿಚಿ, ಗೇನೋ, ಡಿಲೊರೆಂಜೊ ಮತ್ತೆ ಒಂದೇ ವೇದಿಕೆ ಹತ್ತಿದ್ರು. ಡಿಲೊರೆಂಜೊ ಆ ವರ್ಷವೇ ಬ್ಯಾಂಡ್ ಬಿಟ್ಟರು. ಕೋರ್ಟಿನಲ್ಲಿ ಎದುರುಬದುರು ನಿಂತಿದ್ದ ಇಬ್ಬರು ಮಾತ್ರ ಜೊತೆಗೇ ಉಳಿದ್ರು. 2016ರಲ್ಲಿ, 2019ರಲ್ಲಿ ಹೊಸ ಆಲ್ಬಂಗಳೂ ಬಂದ್ವು. ಪ್ರೀತಿನೋ, ಲೆಕ್ಕಾಚಾರನೋ ಅಂತ ಕೇಳಿದ್ರೆ ಎರಡೂ ಇರಬಹುದು, ಅದರಲ್ಲಿ ತಪ್ಪೇನಿದೆ? ಹಾಡು ಗೇನೋದು, ಸದ್ದು ಇಬ್ಬರದ್ದು. ಟಿಕೆಟ್ ತಗೊಂಡು ಬಂದವರಿಗೆ ಎರಡೂ ಬೇಕು.

ಕೊನೆಗೆ, ಬ್ಯಾಂಡಲ್ಲಿರೋ ಕೇಳುಗರಿಗೆ ಮೂರು ಮಾತು. ನಮ್ಮ ಕಾಪಿರೈಟ್ ಕಾಯಿದೆ 1957ರದ್ದು, 2012ರಲ್ಲಿ ದೊಡ್ಡ ತಿದ್ದುಪಡಿ ಆಯ್ತು. ಒಂದು, ಸಂಗೀತ ಸಂಯೋಜಕ ಅನ್ನಿಸ್ಕೊಳ್ಳೋಕೆ ಸ್ವರಲಿಪಿ ಬರೆದಿರಬೇಕು ಅಂತ ನಮ್ಮ ಕಾಯಿದೆ ಕೇಳಲ್ಲ. ನೀವು ಬೇಸಿನಲ್ಲಿ ಹುಟ್ಟಿಸಿದ ಸಾಲು ಹಾಡಿನ ರಾಗವೇ ಆಗಿದ್ರೆ ನೀವೂ ಸಂಯೋಜಕರು ಅಂತ ಹೇಳ್ಕೊಳ್ಳೋಕೆ ದಾರಿ ಇದೆ. ಎರಡು, 2012ರ ತಿದ್ದುಪಡಿ ನುಡಿಸುವವರಿಗೂ, ಅಂದ್ರೆ ಪರ್ಫಾರ್ಮರ್‌ಗಳಿಗೂ, ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಹಕ್ಕು ಕೊಟ್ಟಿದೆ. ಮೂರು, ಇದೆಲ್ಲಕ್ಕಿಂತ ಸುಲಭದ್ದು: ಸ್ಪ್ಲಿಟ್ ಶೀಟ್. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ತಾರೀಕು, ಸಾಹಿತ್ಯ ಯಾರದ್ದು, ರಾಗ ಯಾರದ್ದು, ಯಾರಿಗೆ ಶೇಕಡಾ ಎಷ್ಟು, ಜಾಹೀರಾತಿಗೆ ಕೊಡಬೇಕಾದ್ರೆ ಯಾರ್ಯಾರ ಒಪ್ಪಿಗೆ ಬೇಕು ಅಂತ ಬರೆದು ಎಲ್ಲರೂ ಸಹಿ ಹಾಕೋದು. ಹತ್ತು ನಿಮಿಷದ ಕೆಲಸ. ಸ್ನೇಹ ಚೆನ್ನಾಗಿರುವಾಗ ಇದನ್ನು ಕೇಳೋಕೆ ಮುಜುಗರ ಆಗುತ್ತೆ. ಸ್ನೇಹ ಕೆಟ್ಟ ಮೇಲೆ ಕೇಳಿದ್ರೆ ಯಾರೂ ಸಹಿ ಹಾಕಲ್ಲ.

ನನ್ನ ಗೆಳೆಯನ ಬ್ಯಾಂಡ್ ಹಳೇ ಆರು ಹಾಡಿಗೆ ಕೂತು ಶೀಟ್ ಮಾಡ್ಕೊಂಡಿದೆ. ನಾಲ್ಕು ಹಾಡು ಸಮಪಾಲು, ಎರಡು ಹಾಡಲ್ಲಿ ಹಾಡುಗಾರನಿಗೆ ಹೆಚ್ಚು. ಒಂದು ಸಂಜೆ ಪೂರ್ತಿ ಜಗಳ ಆಯ್ತಂತೆ. ಬ್ಯಾಂಡ್ ಇನ್ನೂ ಇದೆ.

ಈಗ ಇಯರ್‌ಫೋನ್ ಹಾಕೇ ಇರಿ, ಫೆಮ್ಸ್‌ನ ಮೊದಲ ಆಲ್ಬಂ ಹಾಕಿ. ‘ಬ್ಲಿಸ್ಟರ್ ಇನ್ ದ ಸನ್’ ಮೊದಲು, ಆಮೇಲೆ ‘ಪ್ಲೀಸ್ ಡು ನಾಟ್ ಗೋ’, ಕೊನೆಗೆ ‘ಗಾನ್ ಡ್ಯಾಡಿ ಗಾನ್’. ಹಾಡುಗಾರನನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೆಳಗಡೆ ಏನು ನಡೀತಿದೆ ಅಂತ ಕೇಳಿ. ನೀವು ಬ್ಯಾಂಡಲ್ಲಿದ್ದು ಹಾಡಿನ ಹೆಸರು, ಪಾಲಿನ ವಿಷಯದಲ್ಲಿ ನಿಮಗೇನಾದ್ರೂ ಅನುಭವ ಆಗಿದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಹೆಸರು ಬೇಡ ಅಂದ್ರೆ ಹೆಸರಿಲ್ಲದೆ. ಮುಂದಿನ ವಾರ ಸಿಗೋಣ, ನಮಸ್ಕಾರ.